ಶನಿವಾರಕ್ಕೆ ಕೆಂಪು ಈರುಳ್ಳಿ ತನ್ನಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 10ಕ್ಕೆ ಮಕ್ಕಳ ಜೊತೆ ಜೀವಕೋಶ ನೋಡೋಣ. ಪ್ರತಿ ಮಗು ಅರ್ಧ ಕೆಂಪು ಈರುಳ್ಳಿ ತಂದರೆ ಸಾಕು. ಮೈಕ್ರೋಸ್ಕೋಪು, ಅಯೋಡಿನ್ ನಾನು ತರುತ್ತೇನೆ.

ಈರುಳ್ಳಿ ಪದರದ ಒಳಮೈಯಲ್ಲಿ ತೆಳ್ಳಗಿನ ಪೊರೆ ಇರುತ್ತದೆ, ಉಗುರಲ್ಲೇ ಕೀಳಬಹುದು. ಒಂದು ಹನಿ ಅಯೋಡಿನ್ ಬಿಟ್ಟು ನೋಡಿದರೆ ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಕೋಶಗಳು. ಒಂದೊಂದರಲ್ಲೂ ಒಂದು ಕಂದು ಚುಕ್ಕೆ. ಅದೇ ಕೋಶಕೇಂದ್ರ, ಡಿಎನ್‌ಎ ಇರುವ ಜಾಗ. ಎಷ್ಟೋ ಕಡೆ ಅದು ನಡುವೆ ಇರದೆ ಗೋಡೆಗೆ ಒತ್ತಿಕೊಂಡಿರುತ್ತದೆ. ನಡುವಿನ ಜಾಗವನ್ನೆಲ್ಲ ರಸದಾನಿ ಎನ್ನುವ ನೀರು ತುಂಬಿದ ಚೀಲ ಹಿಡಿದಿರುತ್ತದಲ್ಲ, ಅದಕ್ಕೆ.

ಆಮೇಲೆ ಹೊರಮೈಯ ಬಣ್ಣದ ಪೊರೆಗೆ ಅಯೋಡಿನ್ ಹಾಕದೆ ಬರೀ ಉಪ್ಪುನೀರು ಬಿಡೋಣ. ನನಗೆ ಇದೇ ಜಾಸ್ತಿ ಇಷ್ಟ. ಕೋಶದ ನೀರು ಹೊರಗೆ ಬರುತ್ತದೆ, ಗೋಡೆ ಹಾಗೇ ನಿಂತಿರುತ್ತದೆ, ಒಳಗಿನ ಕೆಂಪು ಭಾಗ ಮಾತ್ರ ನಿಧಾನಕ್ಕೆ ಮುದುಡುತ್ತದೆ. ಉಪ್ಪು ಹಾಕಿಟ್ಟ ಮಾವಿನಕಾಯಿ ಹೋಳು ನೀರು ಬಿಡುವುದೂ ಹೀಗೇ ಅಲ್ವಾ?

1665ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಕಾರ್ಕಿನಲ್ಲಿ (ಬಾಟಲಿ ಬಿರಡೆ ಮಾಡುವ ಮರದ ತೊಗಟೆ) ಕಂಡಿದ್ದು ಸತ್ತ ಕೋಶಗಳ ಖಾಲಿ ಗೋಡೆ. ನಮ್ಮ ಮಕ್ಕಳು ನೋಡುವುದು ಜೀವ ಇರುವ ಕೋಶ.

ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳಾದ ಮೈಟೋಕಾಂಡ್ರಿಯಾ ನಮ್ಮ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.