ಸಮಾಜ ಕಲ್ಯಾಣ ಸಚಿವರಿಗೊಂದು ಬಹಿರಂಗ ಪತ್ರ: ಮುಂಗಾರು ಫೆಲೋಶಿಪ್ಪಿಗೆ ಕಾಯುವುದಿಲ್ಲ

ಕರ್ನಾಟಕ ಸರ್ಕಾರದ ಮಾನ್ಯ ಸಮಾಜ ಕಲ್ಯಾಣ ಸಚಿವರಿಗೆ,

ನಮಸ್ಕಾರ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳು ಪರಿಸರ ವಿಜ್ಞಾನದಲ್ಲಿ ಪಿಎಚ್‌.ಡಿ.ಗೆ ಸೇರುತ್ತಿದ್ದಾರೆ, ಅವರಿಗೆ ಕೇಂದ್ರದ ಫೆಲೋಶಿಪ್ಪೂ ಇದೆ. ತೊಡಕಿರುವುದು ಆ ಹಣ ಯಾವುದಕ್ಕೆ ಸಾಲುತ್ತದೆ, ಯಾವಾಗ ಕೈಗೆ ಬರುತ್ತದೆ ಎಂಬಲ್ಲಿ. ದೆಹಲಿಗೆ ಹೋಗದೆ ಇಲ್ಲೇ ಸರಿಪಡಿಸಬಹುದಾದ ಸಂಗತಿಯಾದ್ದರಿಂದ ತಮಗೆ ಬರೆಯುತ್ತಿದ್ದೇವೆ.

ಪರಿಶಿಷ್ಟ ಜಾತಿಯವರ ರಾಷ್ಟ್ರೀಯ ಫೆಲೋಶಿಪ್‌ನಲ್ಲಿ 2023ರ ಜನವರಿಯಿಂದ ಜೆಆರ್‌ಎಫ್‌ಗೆ (ಮೊದಲ ಎರಡು ವರ್ಷದ ಕಿರಿಯ ಹಂತ) ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್‌ಗೆ (ಆಮೇಲಿನ ಹಿರಿಯ ಹಂತ) 42,000. ಊಟ, ವಸತಿ, ಮನೆಗೊಂದಿಷ್ಟು, ಎಲ್ಲ ಇದರಲ್ಲಿ ಆಗುತ್ತದೆ, ತಕರಾರಿಲ್ಲ. ಸಂಶೋಧನೆಯ ಖರ್ಚಿಗೆಂದು ಕೊಡುವ ಕಂಟಿಂಜೆನ್ಸಿ ನೋಡಿ: ವಿಜ್ಞಾನ ವಿಷಯಗಳಿಗೆ ಮೊದಲ ಎರಡು ವರ್ಷ ವರ್ಷಕ್ಕೆ 12,000, ಆಮೇಲೆ 25,000. ಕ್ಷೇತ್ರಕಾರ್ಯದ ಭಾರವೆಲ್ಲ ಬೀಳುವುದು ಮೊದಲೆರಡು ವರ್ಷದಲ್ಲಿ. ಹಣ ಇಮ್ಮಡಿಯಾಗುವ ಹೊತ್ತಿಗೆ ವಿದ್ಯಾರ್ಥಿ ಪ್ರಬಂಧ ಬರೆಯಲು ಕೂತಿರುತ್ತಾನೆ.

ಪಾವಗಡ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಮತ್ತು ಲೋಹಗಳನ್ನು ಅಳೆಯುವ ಕೆಲಸ ಎಂದುಕೊಳ್ಳಿ. 20 ಬಾವಿ, ವರ್ಷಕ್ಕೆ ಎರಡು ಸುತ್ತು: ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಂದು, ಮಳೆ ನಿಂತ ಮೇಲೆ ನವೆಂಬರಿನಲ್ಲಿ ಇನ್ನೊಂದು. 12,000ವನ್ನು 40 ಮಾದರಿಗೆ ಹಂಚಿದರೆ ತಲಾ 300 ರೂಪಾಯಿ. ಒಂದೊಂದು ಬಾವಿಗೂ ಎರಡು ಪ್ಲಾಸ್ಟಿಕ್ ಬಾಟಲಿ ಬೇಕು, ಫ್ಲೋರೈಡಿಗೊಂದು, ಲೋಹಗಳಿಗೊಂದು. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ಗಾಜಿನ ಸೀಸೆ ನಡೆಯದು. ಲೋಹ ಅಳೆಯಲು ತುಂಬಿದ ಬಾಟಲಿಗೆ ಅಲ್ಲೇ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಫಲಿತಾಂಶ ಇರುವುದಕ್ಕಿಂತ ಕಡಿಮೆ ಬರುತ್ತದೆ. ನೈಟ್ರೇಟೂ ನೋಡುವುದಿದ್ದರೆ ನೀರನ್ನು 4 ಡಿಗ್ರಿಯಲ್ಲಿಟ್ಟು 48 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಆಮ್ಲದ ಸೀಸೆ, ಐಸ್ ಪೆಟ್ಟಿಗೆ ಹಿಡಿದು ಸರ್ಕಾರಿ ಬಸ್ ಹತ್ತುವಂತಿಲ್ಲ; ಗಾಡಿ ಮಾಡಬೇಕು. ಅದೂ ಈ 300ರಲ್ಲೇ. ಯಂತ್ರದ ವಿಶ್ಲೇಷಣಾ ಶುಲ್ಕವನ್ನು ನಾವಿನ್ನೂ ಲೆಕ್ಕಕ್ಕೇ ತಂದಿಲ್ಲ.

ಹಣ ಸಾಲದಿದ್ದಾಗ ವಿದ್ಯಾರ್ಥಿ 20 ಬಾವಿಯನ್ನು ಎಂಟಕ್ಕೆ ಇಳಿಸುತ್ತಾನೆ. ಉಳಿಯುವುದು ಡಾಂಬರು ರಸ್ತೆಯ ಪಕ್ಕದವು. ಕೈಬಿಟ್ಟುಹೋಗುವುದು ಬಸ್ಸು ಹೋಗದ ಹಟ್ಟಿ, ತಾಂಡಾ, ಕಾಲೊನಿಗಳ ಬಾವಿಗಳು. ಯಾರ ನೀರನ್ನು ಅಳೆಯಬೇಕೆಂದು ಈ ಹುಡುಗ ಹುಡುಗಿಯರು ಈ ವಿಷಯ ಆರಿಸಿಕೊಂಡರೋ ಅವರದೇ ಅಂಕಿ ಇಲ್ಲವಾಗುತ್ತದೆ.

ಇನ್ನು ವೇಳೆಯ ವಿಚಾರ. ಪ್ರತಿ ತಿಂಗಳೂ ವಿದ್ಯಾರ್ಥಿ ಸಂಶೋಧನೆಯಲ್ಲಿದ್ದಾನೆಂದು ವಿಶ್ವವಿದ್ಯಾಲಯದಲ್ಲಿ ಮಾಹಿತಿ ತುಂಬುವ ಸಿಬ್ಬಂದಿ (‘ಮೇಕರ್’) ಫೆಲೋಶಿಪ್ ಪೋರ್ಟಲ್‌ಗೆ ಏರಿಸಬೇಕು, ಅದನ್ನು ಪರಿಶೀಲಿಸುವವರು (‘ಚೆಕರ್’) ಒಪ್ಪಬೇಕು. ಆ ಗುಮಾಸ್ತರು ವರ್ಗವಾದರೆ ಹೊಸ ಲಾಗಿನ್ ಸಿಗುವ ತನಕ ಎಲ್ಲ ನಿಂತಹಾಗೆಯೇ. ಎರಡು ವರ್ಷವಾದ ಮೇಲೆ ಎಸ್‌ಆರ್‌ಎಫ್‌ಗೆ ಏರಲು ವಿದ್ಯಾರ್ಥಿಯ ಕೆಲಸ ಪರಿಶೀಲಿಸುವ ಸಮಿತಿಯ ಸಭೆ ನಡೆಯಬೇಕು. ಹೊರಗಿನ ತಜ್ಞರ ದಿನಾಂಕ ಹೊಂದುವುದೇ ದೊಡ್ಡ ಪಾಡು. ಬೇರೆ ವಿಷಯಗಳಲ್ಲಿ ಮೂರು ತಿಂಗಳ ತಡ ಮೂರೇ ತಿಂಗಳು. ಇಲ್ಲಿ ಮೇ ತಪ್ಪಿದರೆ ಮೊದಲ ಮಳೆ ಬಿದ್ದು ನೀರಿನ ಗುಣವೇ ಬದಲಾಗುತ್ತದೆ, ಮತ್ತೆ ಮುಂದಿನ ಮೇವರೆಗೆ ಕಾಯಬೇಕು. ಐದು ವರ್ಷದ ಫೆಲೋಶಿಪ್‌ನಲ್ಲಿ ಒಂದು ವರ್ಷ ಹೋಯಿತು. ಅಭಯಾರಣ್ಯದೊಳಗೆ ಕೆಲಸ ಮಾಡುವವರಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಅನುಮತಿಯೂ ಬೇಕು. ಆ ಕಡತ ಓಡಾಡುವಷ್ಟು ದಿನವೂ ಫೆಲೋಶಿಪ್‌ನ ಗಡಿಯಾರ ನಿಲ್ಲುವುದಿಲ್ಲ.

ರಾಜ್ಯದ ಕೈಯಲ್ಲಿ ಆಯವ್ಯಯದ ಒಂದು ಪಾಲನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೇ ಮೀಸಲಿಡುವ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಅದರಡಿ ಕ್ಷೇತ್ರಕಾರ್ಯಕ್ಕೆಂದೇ ಪ್ರತ್ಯೇಕ ಅನುದಾನ ಕೊಡಿ; ಮಾದರಿಗಳ ಸಂಖ್ಯೆ ಮತ್ತು ದೂರ ನೋಡಿ ಮೊತ್ತ ನಿಗದಿಯಾಗಲಿ, ಎಲ್ಲರಿಗೂ ಒಂದೇ ಅಳತೆ ಬೇಡ. ಮೊದಲು ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ಲು ಕೊಡಿ ಎನ್ನುವ ಪದ್ಧತಿ ಕೂಲಿಯವರ ಮಕ್ಕಳಿಗೆ ಆಗದ ಮಾತು, ಮುಂಗಡವಾಗಿ ಕೊಡಬೇಕು. ತೆಪ್ಪದವರು, ಟ್ರ್ಯಾಕ್ಟರಿನವರು, ದಾರಿ ತೋರಿಸುವ ಜೇನುಕುರುಬ ಹಿರಿಯರು ಜಿಎಸ್‌ಟಿ ಬಿಲ್ಲು ಎಲ್ಲಿಂದ ತರಬೇಕು? ಮಾರ್ಗದರ್ಶಕರ ಮೇಲುಸಹಿ ಇರುವ ಕೈರಸೀದಿಯನ್ನು ಲೆಕ್ಕಪರಿಶೋಧನೆ ಒಪ್ಪುವಂತೆ ಆದೇಶದಲ್ಲೇ ಬರೆಸಿ, ಮಿತಿ ಬೇಕಾದರೆ ಹಾಕಿ. ಮಾಲಿನ್ಯ ನಿಯಂತ್ರಣ ಮಂಡಳಿ, ಅಂತರ್ಜಲ ನಿರ್ದೇಶನಾಲಯಗಳ ಪ್ರಯೋಗಾಲಯಗಳಲ್ಲಿ ಈ ವಿದ್ಯಾರ್ಥಿಗಳಿಗೆ ತಿಂಗಳಿಗೆ ಇಂತಿಷ್ಟು ಮಾದರಿ ಉಚಿತ ಎಂದು ಗೊತ್ತುಮಾಡಿದರೆ ದೊಡ್ಡ ಖರ್ಚೇ ಇಳಿಯುತ್ತದೆ.

ಈ ಫೆಲೋಶಿಪ್‌ಗೆ ಆಯ್ಕೆಯಾಗಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯ ಪರಿಸರ ವಿಜ್ಞಾನ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇರುವುದರಿಂದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ತರಬೇತಿಯೂ ಬೇಕು. ಅದನ್ನು ಮಾಡಬಲ್ಲ ವಿಭಾಗಗಳು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ, ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಇವೆ. ಬೋಧಕರ ಖಾಲಿ ಹುದ್ದೆ ತುಂಬಿದರೆ ಸಾಕು.

ಒಂದು ಎಚ್ಚರಿಕೆ. ಮೇ ಸುತ್ತಿಗೆ ಹಣ ಬೇಕೆಂದು ಮಾರ್ಚಿನಲ್ಲಿ ಬಿಡುಗಡೆ ಮಾಡಿದರೆ 31ಕ್ಕೆ ಖರ್ಚಾಗದೆ ವಾಪಸ್ ಹೋಗುತ್ತದೆ. ಏಪ್ರಿಲ್‌ನ ಹೊಸ ಆಯವ್ಯಯದಿಂದ ಕೊಟ್ಟರೆ ಅದು ವಿಭಾಗಕ್ಕೆ ತಲುಪುವಷ್ಟರಲ್ಲಿ ಮಳೆ ಶುರುವಾಗಿರುತ್ತದೆ. ಆದ್ದರಿಂದ ಜನವರಿಯಲ್ಲೇ ವಿಶ್ವವಿದ್ಯಾಲಯದ ಖಾತೆಗೆ ಹಾಕಿ, ಜೂನ್ 30ರವರೆಗೆ ಖರ್ಚು ಮಾಡಲು ಆರ್ಥಿಕ ಇಲಾಖೆಯ ಸಹಮತಿಯನ್ನು ಅದೇ ಆದೇಶದಲ್ಲಿ ಪಡೆಯಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಪರಿಸರ ವಿಜ್ಞಾನದ ಸಂಶೋಧನಾ ಮಾರ್ಗದರ್ಶಕರು ಮತ್ತು ಪ್ರಯೋಗಾಲಯ ಸಿಬ್ಬಂದಿ