ಬೆರಳಿಗೆ ಶಾಯಿ ಇಲ್ಲದ ವೋಟು

ನಮ್ಮ ಕನ್ನಡ ಕೂಟದ ಬಂಧುಗಳೇ,

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯ. ಸಂಚಿಕೆ ತಡವಾಯಿತು, ಕ್ಷಮಿಸಿ. ಈ ಪುಟಕ್ಕೆ ದೀಪಾವಳಿ ಬಗ್ಗೆ ಬರೆದಿಟ್ಟಿದ್ದೆ. ಮೊನ್ನೆ ಮಂಗಳವಾರ ರಾತ್ರಿ ಕಂಡದ್ದನ್ನು ಬರೆಯದೆ ಇರಲು ಆಗಲಿಲ್ಲ. ಈಗ ಗಂಟೆ ಹನ್ನೆರಡೂವರೆ, ಬೆಳಗ್ಗೆ ಇದು ಪ್ರಿಂಟಿಗೆ ಹೋಗಬೇಕು.

ನವೆಂಬರ್ 4, 2008. ಅಧ್ಯಕ್ಷರ ಚುನಾವಣೆ, ನನ್ನ ಮೊದಲ ಅಮೆರಿಕನ್ ವೋಟು. ನಮ್ಮ ಒಹಾಯೊದಲ್ಲಿ 6:30ಕ್ಕೆ ಮತಗಟ್ಟೆ ತೆರೆಯುತ್ತದೆ. ಆರಕ್ಕೇ ಹೋದರೂ ಕ್ಯೂ ಪಾರ್ಕಿಂಗ್ ಲಾಟ್ ದಾಟಿತ್ತು. ನನ್ನ ಮುಂದೆ ವಯಸ್ಸಾದ ಒಬ್ಬ ಕಪ್ಪು ಹೆಂಗಸು ಕೋಲೂರಿ ನಿಂತಿದ್ದರು. ಚರ್ಚಿಗೆ ಹೊರಟ ಹಾಗೆ ಟೋಪಿ, ಒಳ್ಳೆಯ ಕೋಟು. ಮಗ ಕುರ್ಚಿ ತಂದುಕೊಟ್ಟರೂ ಕೂರಲಿಲ್ಲ. ಮಾತಿಗೆ ಮಾತು ಬೆಳೆಯಿತು. ಹುಟ್ಟಿದ್ದು ಮಿಸಿಸಿಪ್ಪಿಯಲ್ಲಂತೆ. ಅವರಪ್ಪ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದಾಗ, ರಾಜ್ಯದ ಸಂವಿಧಾನದ ಒಂದು ಕಲಂ ಮುಂದಿಟ್ಟು ಓದಿ ಅರ್ಥ ಹೇಳು ಅಂದರಂತೆ. ಅರ್ಥ ಸರಿಯೋ ತಪ್ಪೋ ತೀರ್ಮಾನಿಸುವವನು ಅಲ್ಲಿ ಕೂತ ಗುಮಾಸ್ತ. ಮೂರು ಸಲ ಹೋದರು, ಮೂರು ಸಲವೂ ಬರಿಗೈಲಿ ವಾಪಸ್ಸು.

ನನಗೆ ನಮ್ಮಜ್ಜಿ ನೆನಪಾದಳು.

ನಾಗಮಂಗಲದ ಹತ್ತಿರ ನಮ್ಮೂರು. ಅಜ್ಜಿಗೆ ಓದು ಬರಹ ಇಲ್ಲ, ಹೆಬ್ಬೆಟ್ಟು. 1983ರ ಜನವರಿಯಲ್ಲಿ ವಿಧಾನಸಭೆ ಚುನಾವಣೆ, ನನಗೆ ಆಗ ಹತ್ತು ವರ್ಷ. ಅವತ್ತು ಅಜ್ಜಿ ಬೆಳಗ್ಗೇನೇ ತಲೆಗೆ ನೀರು ಹಾಕಿಕೊಂಡು, ಟ್ರಂಕಿನಿಂದ ಹಬ್ಬದ ಸೀರೆ ತೆಗೆದು ಉಟ್ಟಳು. ನನ್ನ ಕೈ ಹಿಡಿದು ನಮ್ಮ ಸ್ಕೂಲಿಗೇ ಕರಕೊಂಡು ಹೋದಳು. ನಾನು ಕಿಟಕಿಯಲ್ಲಿ ಇಣುಕುತ್ತಾ ನಿಂತೆ. ಪಟ್ಟಿಯಲ್ಲಿ ಹೆಸರು ಕೂಗಿದರು. ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿದರು. ಅಜ್ಜಿ ಹೆಬ್ಬೆಟ್ಟು ಒತ್ತಿ, ಹಾಳೆ ಹಿಡಿದು ಮರೆಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಗೊತ್ತಾಯಿತು, ಮುದ್ರೆಯ ಮಸಿ ಒಣಗಲಿ ಅಂತ ಊದುತ್ತಾ ನಿಂತಿದ್ದಳು. ಮಡಚಿದಾಗ ಮಸಿ ಇನ್ನೊಂದು ಗುರುತಿಗೆ ಅಂಟಿದರೆ ವೋಟು ಕೆಟ್ಟುಹೋಗುತ್ತೆ ಅನ್ನುವ ಭಯ.

ದಾರಿಯಲ್ಲಿ ಕೇಳಿದೆ, ಯಾರಿಗೆ ಹಾಕಿದೆ ಅಜ್ಜಿ ಅಂತ. "ನಿಮ್ ತಾತಂಗೇ ಯಾವತ್ತೂ ಹೇಳಿಲ್ಲ, ನಿಂಗೇಳ್ತೀನಾ? ನನ್ ವೋಟು ನಂದು ಕಣವ್ವ" ಅಂದಳು. ಮೊದಲ ಚುನಾವಣೆಯ ಕಥೆ ಮಾತ್ರ ಎಷ್ಟು ಸಲ ಕೇಳಿದರೂ ಹೇಳುತ್ತಿದ್ದಳು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಡಬ್ಬ. ಒಂದರ ಮೇಲೆ ಜೋಡೆತ್ತು, ಇನ್ನೊಂದರ ಮೇಲೆ ಗುಡಿಸಲು. ಚಿತ್ರ ನೋಡಿ ಚೀಟಿ ಹಾಕಿದರೆ ಆಯಿತು. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಎರಡು ಮೈಲಿ ನಡೆದು ಹೋಗಿದ್ದಳಂತೆ.

83ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತು, ಹೆಗಡೆ ಮುಖ್ಯಮಂತ್ರಿಯಾದರು. ರೇಡಿಯೋ ಸುತ್ತ ಊರೇ ಸೇರಿತ್ತು. ಅಜ್ಜಿ ಜಗಲಿಯಲ್ಲಿ ಸುಮ್ನೆ ಕೂತು ಎಲೆಅಡಿಕೆ ಹಾಕುತ್ತಿದ್ದಳು. ಚರ್ಮದ ಮೇಲಿನ ಶಾಯಿ ಹೋದರೂ ಉಗುರಿನದು ಹೋಗಲಿಲ್ಲ. ಉಗುರು ಬೆಳೆದ ಹಾಗೆ ಆ ಕಪ್ಪು ಗೆರೆ ಮೇಲಕ್ಕೆ ಸರಿಯುವುದನ್ನು ನಾನು ದಿನಾ ನೋಡುತ್ತಿದ್ದೆ. ಆ ಶಾಯಿ ನಮ್ಮ ಮೈಸೂರಿನದು. 1962ರಿಂದ ಇಡೀ ದೇಶದ ಚುನಾವಣೆಗೆ ಅಲ್ಲಿಂದಲೇ ಹೋಗುತ್ತದೆ.

ಹೆಬ್ಬೆಟ್ಟಿನ ನಮ್ಮಜ್ಜಿಗೆ 1952ರಲ್ಲೇ ಸಿಕ್ಕ ವೋಟು, ಓದು ಬಲ್ಲ ಆ ಮಿಸಿಸಿಪ್ಪಿಯ ಅಪ್ಪನಿಗೆ ಆಗ ಇರಲಿಲ್ಲ. ಅಂಥ ಪರೀಕ್ಷೆಗಳಿಗೆ ಕಡಿವಾಣ ಹಾಕಿದ ಮತದಾನ ಹಕ್ಕಿನ ಕಾಯ್ದೆಗೆ ಸಹಿ ಬಿದ್ದದ್ದು 1965ರ ಆಗಸ್ಟ್ 6ರಂದು. ಎರಡು ತಿಂಗಳೊಳಗೆ, ಅದೇ ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದರು. ಅದಕ್ಕೆ ಮುಂಚೆ ಭಾರತೀಯರ ಕೋಟಾ ವರ್ಷಕ್ಕೆ ಬರೀ 100. ಆ ಕಪ್ಪು ಜನ ಬೀದಿಗಿಳಿದು ಹೊಡೆತ ತಿಂದು ತೆರೆಸಿದ ಬಾಗಿಲಲ್ಲೇ ನಾವೂ ಒಳಗೆ ಬಂದೆವು. ಇದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು, ಅಲ್ವಾ?

ಇನ್ನೊಂದು ಮಾತು, ನಿಮ್ಮಲ್ಲಿ ಜಾಸ್ತಿ ಜನಕ್ಕೆ ಇದು ಗೊತ್ತು. ಈ ಮಾರ್ಚಿನಲ್ಲಿ ಇಲ್ಲಿನ ಪೌರತ್ವದ ಪ್ರಮಾಣ ಮಾಡಿದೆ, ಅಲ್ಲಿನ ವೋಟು ಹೋಯಿತು. ಮೇ ತಿಂಗಳಲ್ಲಿ ನಮ್ಮೂರಲ್ಲಿ ಚುನಾವಣೆ ನಡೆಯಿತು. ಅಮ್ಮ ಕ್ಯೂನಲ್ಲಿ ನಿಂತ ಕಥೆ ಫೋನಲ್ಲಿ ಹೇಳುವಾಗ ಗಂಟಲು ಕಟ್ಟಿತು. ಆ ಶಾಯಿ ಇನ್ನು ನನ್ನ ಬೆರಳಿಗೆ ಬೀಳುವುದಿಲ್ಲ.

ಅವಸರದಲ್ಲಿ ಕೆಲವು ಸೂಚನೆ: ರಾಜ್ಯೋತ್ಸವ ಕಾರ್ಯಕ್ರಮ ನವೆಂಬರ್ 22, ಶನಿವಾರ ಮಧ್ಯಾಹ್ನ 3ಕ್ಕೆ. ಮಕ್ಕಳ ನಾಟಕದ ರಿಹರ್ಸಲ್ 16ರ ಭಾನುವಾರ 2ಕ್ಕೆ, ದಯವಿಟ್ಟು ಹೊತ್ತಿಗೆ ಸರಿಯಾಗಿ ಕರೆತನ್ನಿ. ಬಿಸಿಬೇಳೆಬಾತ್ ಕೂಟದ್ದು, ಮೊಸರನ್ನಕ್ಕೆ ಇನ್ನೂ ಇಬ್ಬರು ಬೇಕು. ಸಂಕ್ರಾಂತಿ ಕಾರ್ಯಕ್ರಮ ಜನವರಿ 17, ಎಳ್ಳುಬೆಲ್ಲದ ಪೊಟ್ಟಣ ಕಟ್ಟಲು ಕೈ ಬೇಕು. ಮತ್ತೆ ಈ ಪತ್ರಿಕೆ. 'ಬರಹ' ತಂತ್ರಾಂಶದಲ್ಲಿ ಟೈಪ್ ಮಾಡಿ, ಕರಡು ತಿದ್ದಿ, ಅಂಚೆಗೆ ಹಾಕುವವರೆಗೆ ಈಗ ನಾನೊಬ್ಬಳೇ. ಹೊಸ ವರ್ಷದಿಂದ ಒಬ್ಬರಾದರೂ ಜೊತೆಗೆ ಬನ್ನಿ. ನಿಜವಾಗಿ ಕೇಳುತ್ತಿದ್ದೇನೆ.

ಆ ರಾತ್ರಿ ನಮ್ಮನೆಯಲ್ಲಿ ಮೂರು ಸಂಸಾರ ಸೇರಿದ್ದೆವು. ಎಲ್ಲರ ವೋಟೂ ಒಂದೇ ಕಡೆ ಇರಲಿಲ್ಲ. ಕೂಟಕ್ಕೂ ಪಕ್ಷ ಇಲ್ಲ. ಸರಿಯಾಗಿ 11ಕ್ಕೆ ಟೀವಿಯಲ್ಲಿ ಒಬಾಮಾ ಹೆಸರು ಬಂತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಶಿಕಾಗೋದ ಗ್ರಾಂಟ್ ಪಾರ್ಕಿನ ಜನಸಾಗರದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಜೆಸ್ಸಿ ಜಾಕ್ಸನ್ ಅಳುತ್ತಾ ನಿಂತಿದ್ದರು. ಫೀನಿಕ್ಸಿನಲ್ಲಿ ಸೋತ ಅಭ್ಯರ್ಥಿ ಮೆಕೇನ್, ತಮ್ಮವರು ಕೂಗಿದಾಗ ಕೈಯೆತ್ತಿ ಸುಮ್ಮನಿರಿಸಿ, ಗೆದ್ದವರನ್ನು ಗೌರವದಿಂದ ಅಭಿನಂದಿಸಿದರು. ಒಬಾಮಾ ಅಟ್ಲಾಂಟಾದ 106 ವರ್ಷದ ಆನ್ ನಿಕ್ಸನ್ ಕೂಪರ್ ಬಗ್ಗೆ ಹೇಳಿದರು. ಹೆಣ್ಣು ಅಂತ ಒಮ್ಮೆ, ಮೈಬಣ್ಣಕ್ಕಾಗಿ ಒಮ್ಮೆ ವೋಟಿನಿಂದ ವಂಚಿತರಾದ ತಲೆಮಾರಿನ ಅಜ್ಜಿ. ಕ್ಯೂನಲ್ಲಿ ಕೂರದೆ ನಿಂತಿದ್ದವರು ಈಗ ಇದನ್ನು ನೋಡುತ್ತಿರಬೇಕು ಅಂದುಕೊಂಡೆ.

ಏಳು ವರ್ಷದ ಮಗಳು ಮಲಗಿರಲಿಲ್ಲ. ವೋಟು ಹಾಕಿದವರಿಗೆ ಕೊಡುವ ಸ್ಟಿಕ್ಕರನ್ನು ನನ್ನ ಕೋಟಿನ ಮೇಲೆ ನೋಡಿ, "ಇಷ್ಟೇನಾ? ಮುತ್ತಜ್ಜಿಗೆ ಹಾಕಿದ ಹಾಗೆ ಬೆರಳಿಗೆ ಹಾಕಲಿಲ್ವಾ?" ಅಂದಳು. ನೇರಳೆ ಮಾರ್ಕರ್ ತಂದು ನನ್ನ ಉಗುರಿನ ಬುಡದಲ್ಲಿ ಗೆರೆ ಎಳೆದಳು.

ಅಷ್ಟರಲ್ಲಿ ಮಂಡ್ಯದಿಂದ ಅಮ್ಮನ ಫೋನು. ಅಲ್ಲಿ ಬೆಳಗ್ಗೆ ಹನ್ನೊಂದರ ಸುಮಾರು, ಹಿಂದೆ ಕುಕ್ಕರ್ ಕೂಗುತ್ತಿತ್ತು. ಮಗಳು ಫೋನ್ ಕಿತ್ತುಕೊಂಡು, "ಅಜ್ಜಿ, ಅಮ್ಮನ ಬೆರಳಿಗೆ ನಾನೇ ಶಾಯಿ ಹಾಕಿದೆ" ಅಂದಳು.

"ಎಡಗೈಗೇ ತಾನೇ ಹಾಕಿದ್ದು?" ಅಂತ ಕೇಳಿದರು ಅಮ್ಮ.

– ಸಂಪಾದಕಿ