ಕಾಗಕ್ಕ, ಗುಬ್ಬಕ್ಕ ಮತ್ತು ಒಂಬತ್ತನೇ ತರಗತಿ: ಸಿಂಧನೂರಿನ ಗೆಳೆಯನಿಗೊಂದು ಪತ್ರ

ದೋಸ್ತಾ,

ಹೈಸ್ಕೂಲ್ ಹುಡುಗರಿಗೆ ಸಾಹಿತ್ಯ ಪ್ರಕಾರಗಳನ್ನು ಹೆಂಗ ಕಲಿಸಲಿ ಅಂತ ಕೇಳಿದ್ದಿ. ಮೆಸೇಜಿನಲ್ಲಿ ಮುಗಿಯುವ ಮಾತಲ್ಲ ಇದು. ಇಲ್ಲೇ ನಾಲ್ಕು ಮಂದಿಯ ಕಣ್ಣಿಗೆ ಬೀಳುವಂತೆ ಬರೆಯುತ್ತೇನೆ. ಇದೇ ಪ್ರಶ್ನೆ ಇಟ್ಟುಕೊಂಡು ಕೂತ ಕನ್ನಡ ಮೇಷ್ಟ್ರುಗಳು ಮಾನ್ವಿಯಲ್ಲೂ ಇದ್ದಾರೆ, ಸಿರುಗುಪ್ಪದಲ್ಲೂ ಇದ್ದಾರೆ. ಮಸ್ಕಿ ಬಸ್ಸಿನ ಹಿಂದಿನ ಸೀಟಿನ ವಿಷಯ ಮಾತ್ರ ಎತ್ತುವುದಿಲ್ಲ, ಚಿಂತೆ ಬಿಡು.

ಮೊದಲಿಗೆ, ಲಕ್ಷಣಗಳಿಂದ ಶುರು ಮಾಡಬೇಡ. 'ಜನಪದ ಕಥೆಯ ಐದು ಲಕ್ಷಣಗಳು' ಅಂತ ಬೋರ್ಡಿನ ಮೇಲೆ ಬರೆದ ಕೂಡಲೇ ಹುಡುಗರು ನೋಟ್‌ಬುಕ್ ತೆರೆಯುತ್ತಾರೆ, ಕಿವಿ ಮುಚ್ಚುತ್ತಾರೆ. ಕಥೆಯ ಮೊದಲ ಮೂರು ಸಾಲು ಕೇಳುತ್ತಿದ್ದಂತೆ ಮುಂದೆ ಏನು ಬರಬಹುದು, ಏನು ಬರಲಾರದು ಅಂತ ಕೇಳುವವರು ಒಳಗೇ ಒಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕವೇ ಪ್ರಕಾರ. ಹದಿನಾಲ್ಕು ವರ್ಷದ ಹುಡುಗರಿಗೆ ಅದು ಬಂದೇ ಇರುತ್ತದೆ. ದೆವ್ವದ ಸಿನಿಮಾದಲ್ಲಿ ಕರೆಂಟ್ ಹೋದರೆ ಮುಂದೇನು ಅಂತ ಅವರಿಗೆ ಯಾರೂ ಪಾಠ ಮಾಡಿಲ್ಲ. ಬಲ್ಲದ್ದನ್ನು ಅವರ ಬಾಯಿಂದಲೇ ಹೇಳಿಸಿ, ಕೊನೆಗೆ ಅದಕ್ಕೊಂದು ಹೆಸರು ಕೊಡುವುದಷ್ಟೇ ನಮ್ಮ ಕೆಲಸ.

ಅದಕ್ಕೆ ಮೊದಲ ಪೀರಿಯಡ್ಡಿಗೆ ನಾಲ್ಕು ಚೀಟಿ ಸಾಕು. ಒಂದೊಂದರಲ್ಲಿ ಒಂದು ಕಥೆಯ ಆರಂಭ, ಮೂರು ಸಾಲು ಮೀರದಂತೆ. ಇಂಥವು:

'ಒಂದೂರಾಗ ಒಬ್ಬ ರಾಜ ಇದ್ದ. ಅವಗ ಮೂರು ಮಂದಿ ಗಂಡುಮಕ್ಕಳು.'

'ಆ ಗುಡ್ಡದ ಮ್ಯಾಲ ಎರಡು ಹೋಳಾಗಿರೋ ಗುಂಡು ಕಾಣ್ತದಲ್ಲ, ಅದು ತಾನಾಗಿ ಒಡೆದದ್ದಲ್ಲ.'

'ನರಿ ಮೂರು ದಿನದಿಂದ ಉಪವಾಸ ಇತ್ತು. ಆಗ ಎದುರಿಗೆ ಒಂದು ಹುಂಜ ಬಂತು.'

'ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅವ್ವ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು. ಅಪ್ಪನ ಹೆಸರನ್ನು ಇಬ್ಬರೂ ಎತ್ತಲಿಲ್ಲ.'

ಐದೈದು ಮಂದಿಯ ಗುಂಪು ಮಾಡು. ಆರು ದಾಟಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಕಿಟಕಿ ನೋಡುತ್ತಾರೆ. ಪ್ರಶ್ನೆಗಳೂ ನಾಲ್ಕೇ ಇರಲಿ. ಯಾವುದರಲ್ಲಿ ಪ್ರಾಣಿ ಮಾತಾಡಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ? ಯಾವುದು ಮದುವೆಯಲ್ಲಿ ಮುಗಿಯಬಹುದು? ಯಾವುದನ್ನು ಹೇಳುವವರು 'ಬೇಕಾದರ ಹೋಗಿ ನೋಡ್ಕೊಂಡ ಬಾ' ಅನ್ನಬಹುದು? ಯಾವುದರಲ್ಲಿ ಕೊನೆಗೆ ಏನಾಯಿತು ಅನ್ನುವುದು ಗೊತ್ತಾಗದೆಯೇ ಹೋಗಬಹುದು? ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹದಿನೈದು ನಿಮಿಷ ಗುಂಪಿನೊಳಗಿನ ಮಾತಿಗೆ, ಹದಿನೈದು ನಿಮಿಷ ಗುಂಪು ಗುಂಪುಗಳ ವಾದಕ್ಕೆ. ತರಗತಿಯಲ್ಲಿ ಅರವತ್ತು ಮಂದಿ ಇದ್ದರೆ ಎಲ್ಲ ಗುಂಪುಗಳನ್ನೂ ಕೇಳಲು ಹೋಗಬೇಡ. ಮೂರು ಗುಂಪು ಹೇಳಲಿ, ಉಳಿದವರು ತಕರಾರು ಎತ್ತಲಿ. ಅಜ್ಜಿಕಥೆ, ಐತಿಹ್ಯ (ಒಂದು ಜಾಗಕ್ಕೋ ವ್ಯಕ್ತಿಗೋ ಅಂಟಿಕೊಂಡು, ನಡೆದದ್ದು ಅಂತ ಹೇಳುವ ಕಥೆ), ಪ್ರಾಣಿಕಥೆ, ಸಣ್ಣಕಥೆ ಅನ್ನುವ ಹೆಸರುಗಳು ಕಡೆಯ ಐದು ನಿಮಿಷಕ್ಕೆ ಮಾತ್ರ ಬರಲಿ. ಮೊದಲೇ ಹೆಸರು ಹೇಳಿಬಿಟ್ಟರೆ ಹುಡುಗರು ಯೋಚಿಸುವುದನ್ನು ಬಿಟ್ಟು ಸರಿ ಉತ್ತರ ಹುಡುಕುತ್ತಾರೆ.

ಎರಡನೇ ಪೀರಿಯಡ್ಡಿಗೆ ಕಾಗಕ್ಕ ಗುಬ್ಬಕ್ಕನ ಕಥೆ. 'ಅದು ಸಣ್ಣ ಹುಡುಗರ ಕಥಿರೀ ಸರ್' ಅಂತ ಮುಖ ಕಿವುಚುತ್ತಾರೆ, ಕಿವುಚಲಿ. ಎಲ್ಲರಿಗೂ ಗೊತ್ತಿರುವ ಕಥೆಯೇ ಬೇಕು, ಏಕೆಂದರೆ ಮುಂದೇನಾಗುತ್ತದೆ ಅನ್ನುವ ಕುತೂಹಲ ಇಲ್ಲದಿದ್ದಾಗ ಮಾತ್ರ ಕಣ್ಣು ಕಥೆ ಕಟ್ಟಿದ ರೀತಿಯ ಕಡೆ ಹೋಗುತ್ತದೆ. ಮಳೆಗೆ ಮನೆ ಕಳೆದುಕೊಂಡ ಕಾಗೆ ಬಾಗಿಲು ಬಡಿಯುತ್ತದೆ. ಗುಬ್ಬಿ ಒಳಗಿನಿಂದ ಮಗುವಿನ ನೆಪ ಹೇಳುತ್ತದೆ. ಮತ್ತೆ ಬಡಿತ, ಮತ್ತೊಂದು ನೆಪ. ನೀನು ಬಾಯಿಬಿಟ್ಟು ಹೇಳು, ಓದಬೇಡ. ಒಬ್ಬಳನ್ನು 'ಹೂಂ' ಗುಟ್ಟಲು ನೇಮಿಸು. ಆಕೆ ಎಲ್ಲಿ ಹೂಂ ಅನ್ನುತ್ತಾಳೆ ಅನ್ನುವುದನ್ನು ಇನ್ನೊಬ್ಬ ಗುರುತು ಹಾಕಿಕೊಳ್ಳಲಿ. ಹೂಂ ಬೀಳುವುದು ಹೆಚ್ಚಾಗಿ ಒಂದು ಕೆಲಸ ಮುಗಿದ ಜಾಗದಲ್ಲೇ. ಮನಸ್ಸಿನಲ್ಲಿ ಏನಿತ್ತು ಅನ್ನುವ ವಿವರಣೆಗೆ ಹೂಂ ಸಿಗುವುದು ಕಷ್ಟ. ಜನಪದ ಕಥೆ ಕ್ರಿಯೆಯಿಂದ ಕ್ರಿಯೆಗೆ ನಡೆಯುತ್ತದೆ ಅನ್ನುವುದು ಆ ಗುರುತುಗಳಲ್ಲೇ ಕಾಣುತ್ತದೆ.

ಆಮೇಲೆ ಇದೇ ಘಟನೆಯನ್ನು ಸಣ್ಣಕಥೆಯಾಗಿ ಬರೆಸು. ಕಟ್ಟುಪಾಡು ಇಷ್ಟೇ: ಒಂದೇ ರಾತ್ರಿ, ಒಂದೇ ಬಾಗಿಲು, ಬಾಗಿಲ ಒಳಗಿರುವವಳ ಕಣ್ಣಿನಿಂದ, 150 ಪದ, ಬಾಗಿಲು ತೆರೆಯುವ ಮೊದಲೇ ನಿಲ್ಲಬೇಕು. ಹಕ್ಕಿಯಾಗಿಯೂ ಬರೆಯಬಹುದು, ಅಕ್ಕಪಕ್ಕದ ಇಬ್ಬರು ಹೆಂಗಸರಾಗಿಯೂ ಬರೆಯಬಹುದು. ತಪ್ಪುಗಳು ಮೂರು ಕಡೆ ಆಗುತ್ತವೆ. ಮೊದಲನೆಯದು, ಕೊನೆಗೆ 'ಆದ್ದರಿಂದ ನಾವು ಪರೋಪಕಾರಿಗಳಾಗಬೇಕು' ಅಂತ ಒಂದು ಸಾಲು ತಾನಾಗಿ ಬಂದು ಕೂರುತ್ತದೆ. ಒಂದನೇ ತರಗತಿಯಿಂದ ನಾವೇ ಮಾಡಿಸಿದ ಅಭ್ಯಾಸ ಅದು, ಬೈಯದೆ ಆ ಸಾಲನ್ನು ಹೊಡೆದು ಹಾಕಿಸು. ಎರಡನೆಯದು, 'ಅವಳಿಗೆ ತುಂಬಾ ದುಃಖವಾಯಿತು.' ಆಗ ಕೇಳು: ಅವಳ ಕೈ ಏನು ಮಾಡುತ್ತಿತ್ತು? ಚಿಲಕದ ಮೇಲಿತ್ತೋ, ಮಗುವಿನ ಬೆನ್ನಿನ ಮೇಲಿತ್ತೋ? ಮೂರನೆಯದು, ಒಂದು ರಾತ್ರಿ ಅಂದದ್ದು ಹತ್ತು ವರ್ಷ ಆಗಿಬಿಡುತ್ತದೆ, ಮಗು ಬೆಳೆದು ಡಾಕ್ಟರಾಗಿ ಕಾಗೆಗೆ ಔಷಧ ಕೊಡುತ್ತದೆ. ಹಾಗೆ ಬರೆದವನಿಗೆ ಕಥೆ ಕಟ್ಟುವ ಶಕ್ತಿ ಇದೆ, ಅವನು ಅಜ್ಜಿಕಥೆಯ ಕಾಲದಲ್ಲಿ ನಡೆಯುತ್ತಿದ್ದಾನೆ ಅಷ್ಟೇ. ಅದನ್ನೇ ಅವನಿಗೆ ತೋರಿಸು.

ಮೂರರ ಪ್ರಯೋಗವನ್ನಂತೂ ಬಿಡಬೇಡ. ಮೂವರು ಅಣ್ಣತಮ್ಮಂದಿರ ಯಾವ ಕಥೆಯಾದರೂ ಆದೀತು. ಒಬ್ಬ ವಿದ್ಯಾರ್ಥಿ ಪೂರ್ತಿ ಹೇಳಲಿ, ಇನ್ನೊಬ್ಬಳು ನಡುವಿನವನನ್ನು ತೆಗೆದುಹಾಕಿ ಹೇಳಲಿ. ಎರಡನೇ ಸಲ ಕಥೆ ಕುಂಟುವುದು ಎಲ್ಲರಿಗೂ ಗೊತ್ತಾಗುತ್ತದೆ, ಯಾಕೆ ಅಂತ ಹೇಳಲು ಸ್ವಲ್ಪ ಹೊತ್ತು ಬೇಕು. ಮೊದಲನೆಯವನು ಸೋತರೆ ಅದು ಒಂದು ಘಟನೆ. ಎರಡನೆಯವನೂ ಸೋತಾಗ ಅದು ನಿಯಮವಾಗುತ್ತದೆ. ಮುರಿಯಲು ನಿಯಮವೇ ಇಲ್ಲದಿದ್ದರೆ ಮೂರನೆಯವನು ಮಾಡುವುದಾದರೂ ಏನು? ಡೆನ್ಮಾರ್ಕಿನ ಆಕ್ಸೆಲ್ ಓಲ್ರಿಕ್ 1909ರಲ್ಲೇ ಮೌಖಿಕ ಕಥನದ ಇಂಥ ನಿಯಮಗಳನ್ನು ಪಟ್ಟಿ ಮಾಡಿದ. ಒಂದು ದೃಶ್ಯದಲ್ಲಿ ಮಾತಿಗೆ ನಿಲ್ಲುವವರು ಇಬ್ಬರೇ ಅನ್ನುವುದೂ ಅದರಲ್ಲಿದೆ. ಹುಡುಗರು ತಮ್ಮ ಮನೆಯ ಕಥೆಗಳಲ್ಲಿ ಅದನ್ನು ಹುಡುಕಿ ಒಪ್ಪಲಿ ಇಲ್ಲವೇ ಅಲ್ಲಗಳೆಯಲಿ.

ಪುರಾಣ, ಐತಿಹ್ಯ, ಇತಿಹಾಸಕ್ಕೆ ನಮ್ಮ ಸೀಮೆಯಷ್ಟು ಅನುಕೂಲ ಇನ್ನೆಲ್ಲಿ ಸಿಗಬೇಕು ಹೇಳು. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲಿದೆ, ಅದರ ಮೇಲೆ 1294ರ ಶಾಸನವಿದೆ. ಕಾಲ ಇದೆ, ಕಟ್ಟಿಸಿದವರ ಹೆಸರಿದೆ. ಬಳ್ಳಾರಿ ಕೋಟೆಯ ಕಥೆ ಅದರ ಪಕ್ಕಕ್ಕಿಡು: ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಕೋಟೆ ಕಟ್ಟಿಸಿದನಂತೆ, ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ, ಸಿಟ್ಟಿಗೆದ್ದು ಅವನನ್ನು ಗಲ್ಲಿಗೇರಿಸಿದನಂತೆ. ಹೇಳುವವರು ಗುಡ್ಡದ ಕಡೆ ಬೆರಳು ತೋರಿಸುತ್ತಾರೆ. ಎಂಜಿನಿಯರನ ಹೆಸರು ಕೇಳಿದರೆ ಸುಮ್ಮನಾಗುತ್ತಾರೆ. ಐತಿಹ್ಯ ಸಾಕ್ಷಿಗೆ ನಿಲ್ಲಿಸುವುದು ಕಣ್ಣಿಗೆ ಕಾಣುವ ಜಾಗವನ್ನು. ಇನ್ನು ಆನೆಗೊಂದಿ ಪಕ್ಕದ ಅಂಜನಾದ್ರಿ, ಹನುಮ ಹುಟ್ಟಿದ ಗುಡ್ಡ ಅನ್ನುತ್ತಾರೆ. ಕಾಲ ತ್ರೇತಾಯುಗ, ಜಾಗ ಮಾತ್ರ ಇವತ್ತೂ ಹತ್ತಿ ಬರಬಹುದಾದ 575 ಮೆಟ್ಟಿಲು. ಅದು ಪುರಾಣವೋ ಐತಿಹ್ಯವೋ ಅಂತ ತರಗತಿ ಎರಡು ಭಾಗವಾಗುತ್ತದೆ, ಆಗಲಿ. ಗೆರೆಗಳು ಎಲ್ಲಿ ಅಳಿಸಿಹೋಗುತ್ತವೆ ಅನ್ನುವುದನ್ನು ನೋಡದ ಹುಡುಗರಿಗೆ ಗೆರೆ ಯಾಕೆ ಎಳೆದರು ಅನ್ನುವುದೂ ತಿಳಿಯುವುದಿಲ್ಲ.

ಇಲ್ಲೊಂದು ಎಚ್ಚರ. 'ಇದು ನಿಜವೋ ಸುಳ್ಳೋ' ಅಂತ ಯಾವತ್ತೂ ಕೇಳಬೇಡ. ಒಬ್ಬಳ ಮನೆದೇವರನ್ನು ಸುಳ್ಳಿನ ಕಡೆ ಕೂರಿಸಿದರೆ ಆ ಹುಡುಗಿ ವರ್ಷವಿಡೀ ಬಾಯಿ ತೆರೆಯುವುದಿಲ್ಲ. ಜಾನಪದ ವಿದ್ವಾಂಸ ವಿಲಿಯಂ ಬ್ಯಾಸ್ಕಮ್ 1965ರಲ್ಲಿ ಈ ಪ್ರಕಾರಗಳನ್ನು ವಿಂಗಡಿಸುವಾಗ ಹಿಡಿದದ್ದು ಹೇಳುವವರ, ಕೇಳುವವರ ನಂಬಿಕೆಯನ್ನು. ಅದರಿಂದ ಮೂರು ಪ್ರಶ್ನೆ ಮಾಡಿಕೊ: ಹೇಳುವವರು ಇದನ್ನು ನಡೆದದ್ದು ಅಂತ ಹೇಳುತ್ತಾರೋ, ಬರೀ ಕಥೆ ಅಂತಲೋ? ಯಾವ ಕಾಲದ್ದು ಅನ್ನುತ್ತಾರೆ? ಯಾವ ಜಾಗದ್ದು ಅನ್ನುತ್ತಾರೆ? ಹತ್ತನೇ ತರಗತಿಯಾದರೆ ಕುಮಾರರಾಮನನ್ನು ಕೊಡು. 14ನೇ ಶತಮಾನದ ಆರಂಭದ ಕಂಪಿಲಿ ರಾಜ್ಯದ ಆ ಒಬ್ಬನೇ ಮನುಷ್ಯ ಇತಿಹಾಸದಲ್ಲಿದ್ದಾನೆ, ಕಾವ್ಯದಲ್ಲಿದ್ದಾನೆ, ಊರವರ ಹಾಡಿನಲ್ಲಿದ್ದಾನೆ, ಪೂಜೆಯಲ್ಲೂ ಇದ್ದಾನೆ. ಮಲತಾಯಿ ಅವನನ್ನು ಮೋಹಿಸುವ ಪ್ರಸಂಗ ಬಂದಾಗ ಕಿಸಿಕಿಸಿ ನಗು ಏಳುತ್ತದೆ. ದನಿ ಬದಲಿಸದೆ ನೇರ ಹೇಳಿ ಮುಂದೆ ಹೋಗು.

ಸಣ್ಣಕಥೆ ಆರಿಸುವಾಗ ಗಟ್ಟಿಯಾಗಿ ಓದಿದರೆ ಹದಿನೈದು ನಿಮಿಷ ಮೀರಬಾರದು, ಪಾತ್ರ ನಾಲ್ಕು ದಾಟಬಾರದು. ಸಂಕ್ಷಿಪ್ತಗೊಳಿಸಿದ ಪಾಠ ಬೇಡವೇ ಬೇಡ, ಗ್ರಂಥಾಲಯದಿಂದ ಮೂಲ ತರಿಸು. ಜನಪದ ಕಥೆಯನ್ನು ಅರ್ಧಕ್ಕೆ ಇಳಿಸಿದರೂ ಅದು ಬದುಕುತ್ತದೆ. ಸಣ್ಣಕಥೆಯ ಒಂದು ಪ್ಯಾರಾ ಕಿತ್ತರೆ ಹೋದದ್ದು ಯಾವುದು ಅನ್ನುವುದೂ ಗೊತ್ತಾಗದಂತೆ ಸಾಯುತ್ತದೆ.

ಇನ್ನು ಮನೆಯಿಂದ ಕಥೆ ತರಿಸುವುದು. ಇದನ್ನು ಬರೆಯುವಾಗಲೇ ನನಗೆ ಕಸಿವಿಸಿ ಶುರುವಾಗುತ್ತದೆ. ಈಚೆಗೆ ಎದೆಗೆ ನಾಟಿದ ಮಾತೊಂದಿದೆ, ಹೇಳಿಬಿಡುತ್ತೇನೆ. ನಾವು ಪ್ರಕಾರ ಕಲಿಸುತ್ತಾ ಕಲಿಸುತ್ತಾ ಮೇಲುಕೀಳನ್ನೂ ಕಲಿಸುತ್ತಿದ್ದೇವೆ. ಸಣ್ಣಕಥೆಗೆ ಕರ್ತೃ ಇದ್ದಾನೆ, ಕವಿಪರಿಚಯ ಇದೆ, ಫೋಟೋ ಇದೆ, ಪ್ರಶಸ್ತಿಗಳಿವೆ. ಜನಪದ ಕಥೆಯ ಕೆಳಗೆ 'ಅಜ್ಞಾತ' ಅಂತಿರುತ್ತದೆ, ಇಲ್ಲ ಸಂಗ್ರಹಿಸಿದವರ ಹೆಸರಿರುತ್ತದೆ. ಹುಡುಗಿ ಏನು ಅರ್ಥ ಮಾಡಿಕೊಳ್ಳುತ್ತಾಳೆ? ತನ್ನ ಆಯಿ, ಅಂದರೆ ಅಜ್ಜಿ, ಹೇಳುವುದು ಸಾಹಿತ್ಯಕ್ಕೆ ಮೊದಲಿನದು, ಬರೆಯಲು ಬಾರದವರದು ಅಂತ. ಅವ್ವ ಅಪ್ಪ ಬೆಂಗಳೂರಿಗೆ ಗುಳೆ ಹೋಗಿ, ಆಯಿಯ ಹತ್ತಿರವೇ ಬೆಳೆಯುತ್ತಿರುವ ಮಕ್ಕಳು ನಮ್ಮ ಕಡೆ ಎಷ್ಟು ಮಂದಿ ಇದ್ದಾರೆ, ನಿನಗೆ ಗೊತ್ತು. ಅವರಿಗೆ ಉಳಿದಿರುವ ದೊಡ್ಡವರು ಒಬ್ಬರೇ, ಅವರನ್ನೂ ನಾವು ಕೆಳಗಿನ ಖಾನೆಗೆ ಹಾಕುತ್ತೇವೆ. ಇನ್ನೂ ಒಂದು. ಸಣ್ಣಕಥೆಯೇ ಮೇಲು ಅನ್ನುವ ಭಾವ ನನ್ನೊಳಗೂ ಇದೆ ದೋಸ್ತ. ಓದಿ ಮೇಲೆ ಬಂದವರಲ್ಲಿ ಅದು ಇರುತ್ತದೆ, ನಮ್ಮನ್ನು ಮನೆಯಿಂದ ಈಚೆ ತಂದದ್ದು ಪುಸ್ತಕ ತಾನೇ. ಎಷ್ಟು ಗೌರವದಿಂದ ಜನಪದದ ಪಾಠ ಮಾಡಿದರೂ ಆ ಭಾವ ದನಿಯಲ್ಲಿ ಕೇಳುತ್ತದೆ, ಹುಡುಗರ ಕಿವಿ ಅದನ್ನು ಹಿಡಿಯುತ್ತದೆ.

ಸಾಕು, ಕೆಲಸದ ಮಾತಿಗೆ ಬರುತ್ತೇನೆ. ಇದಕ್ಕೆ ಔಷಧ ಭಾಷಣವಲ್ಲ. ಒಂದು ಸೋಮವಾರ ಒಂದು ಜನಪದ ಕಥೆ, ಒಂದು ಸಣ್ಣಕಥೆ ಎರಡನ್ನೂ ಕೇಳಿಸು. ಮುಂದಿನ ಸೋಮವಾರ ಪುಸ್ತಕ ಮುಚ್ಚಿ ಎರಡನ್ನೂ ಹೇಳಿಸು. ಜನಪದ ಕಥೆ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ, ಸಣ್ಣಕಥೆ 'ಏನೋ ಬಸ್‌ಸ್ಟ್ಯಾಂಡ್, ಏನೋ ಬ್ಯಾಸರ' ಅಂತ ಉಳಿದಿರುತ್ತದೆ. ಯಾಕೆ? ಮೊದಲನೆಯದು ನೆನಪಿನಲ್ಲಿ ಉಳಿಯಬೇಕು ಅಂತಲೇ ತಲೆತಲಾಂತರ ತಿದ್ದಿ ಕಟ್ಟಿದ್ದು. ಮೂರು ಮೂರು ಸಲ ಬರುವುದು, ಮರಳಿ ಮರಳಿ ಬರುವ ಹಾಡು, 'ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೇವೆ' ಅನ್ನುವ ಮುಗಿತಾಯ, ಎಲ್ಲವೂ ಅದಕ್ಕೇ. ಕಾಗದ ಇಲ್ಲದೆ ಇಷ್ಟು ದೂರ ಬರುವಂತೆ ಕಥೆ ಕಟ್ಟುವುದು ಎಂಥ ಕಸುಬು ಅಂತ ಹುಡುಗರೇ ಹೇಳುತ್ತಾರೆ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರ ಹೆಸರನ್ನು ಅವತ್ತು ಎತ್ತು. ಉದ್ದುದ್ದದ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡು ಹಾಡಿದ ಕಲಾವಿದೆ, 2014ರಲ್ಲಿ ತೀರಿಕೊಂಡರು. ಹೇಳುವವರಿಗೆ ಹೆಸರಿಲ್ಲ ಅನ್ನುವ ಮಾತು ಅಲ್ಲಿಗೆ ಮುರಿಯುತ್ತದೆ.

ಮಕ್ಕಳು ತಂದ ಕಥೆಯ ಮೇಲೂ ಹೆಸರು ಬರೆಸು: ಹೇಳಿದವರು, ಊರು, ಯಾವ ಹೊತ್ತಿನಲ್ಲಿ ಹೇಳಿದರು. ಹೇಳಿದ ಮಾತಲ್ಲೇ ಬರೆಯಲಿ, 'ಹೋಗ್ಯಾನ' ಅನ್ನುವುದನ್ನು 'ಹೋಗಿದ್ದಾನೆ' ಮಾಡುವುದು ಬೇಡ. ಪುಸ್ತಕದ ಕನ್ನಡಕ್ಕೆ ತಿರುಗಿಸಿದ ಕ್ಷಣ ಮಾತಿನ ಏರಿಳಿತ ಹೋಗಿ ಬರೀ ಸಾರಾಂಶ ಉಳಿಯುತ್ತದೆ. ತೆಲುಗು, ಉರ್ದು ಮನೆಯವರು, ತಾಂಡಾದವರು ಕಥೆಯನ್ನು ಕನ್ನಡದಲ್ಲಿ ಹೇಳಿ ಹಾಡನ್ನು ಮಾತ್ರ ತಮ್ಮ ಮಾತಲ್ಲೇ ಹಾಡಲಿ. ಘಟನೆ ಭಾಷೆ ದಾಟುತ್ತದೆ, ಪ್ರಾಸ ದಾಟುವುದಿಲ್ಲ ಅನ್ನುವುದನ್ನು ತರಗತಿ ಕಿವಿಯಾರೆ ಕೇಳಿದಂತಾಗುತ್ತದೆ.

ಪರೀಕ್ಷೆಗೆ ಲಕ್ಷಣ ಕೇಳೇ ಕೇಳುತ್ತಾರೆ. ಕೊನೆಯ ಪೀರಿಯಡ್ಡಿನಲ್ಲಿ ಹುಡುಗರು ಕಂಡುಕೊಂಡದ್ದನ್ನೇ ಐದು ಅಂಶವಾಗಿ ಬರೆಸಿಬಿಡು, ಒಂದೊಂದಕ್ಕೆ ಅವರದೇ ಕಥೆಯ ಉದಾಹರಣೆ ಇರಲಿ. ಒಂದು ಪೀರಿಯಡ್ಡಿನ ಕಥೆ ಅದೇ ಪೀರಿಯಡ್ಡಿನಲ್ಲಿ ಮುಗಿಯಬೇಕು, ಮುಂದುವರಿಯುವುದು ಅಂತ ಇಡಬೇಡ. ಹತ್ತಿ ಬಿಡಿಸುವ ಕಾಲ ಬಂದರೆ ಅರ್ಧ ಬೆಂಚು ಖಾಲಿ, ತಿಂಗಳು ಬಿಟ್ಟು ಬಂದವನಿಗೂ ಅವತ್ತಿನ ಪಾಠ ಪೂರ್ತಿ ಸಿಗಬೇಕು.

ಗುಬ್ಬಕ್ಕನ ಸಣ್ಣಕಥೆಗಳಲ್ಲಿ ಒಂದೆರಡರ ಫೋಟೋ ಕಳಿಸು, ಕಾಗುಣಿತ ತಿದ್ದದೆ ಕಳಿಸು. ಗಂಗಾವತಿ ಕಡೆ ಬಂದರೆ ಒಗ್ಗರಣಿ ಮಿರ್ಚಿ ನನ್ನ ಲೆಕ್ಕಕ್ಕೆ. ನಾಲ್ಕನೇ ಮಿರ್ಚಿ ಯಾರದು ಅನ್ನುವ ಜಗಳ ಇನ್ನೂ ತೀರಿಲ್ಲ, ಸಾಕ್ಷಿಗೆ ಬೇಕಾದರೆ ಆ ಕನ್ನಡಕದವನನ್ನೂ ಕರಕೊಂಡು ಬಾ.

ನಿನ್ನ
ದೋಸ್ತ